ನೆರೆಮನೆಗೆ ಕೊಟ್ಟ ಹೆಪ್ಪು

ಹಾಲು ಕಾಸಿ ಆರಿಸಿಟ್ಟ ಮೇಲೆ ಹೆಪ್ಪಿಗೆ ಮನೆಯಲ್ಲಿ ಒಂದು ಹನಿ ಮಜ್ಜಿಗೆಯೂ ಇಲ್ಲವೆಂಬುದು ನೆನಪಾಗಿ, ಬಟ್ಟಲು ಹಿಡಿದು ನೆರೆಮನೆಯ ಬಾಗಿಲಿಗೆ ಹೋಗದಿದ್ದ ಗೃಹಿಣಿಯರು ನಮ್ಮ ಸೀಮೆಯಲ್ಲಿ ಯಾರೂ ಇರಲಾರರು. ದೀಪ ಹಚ್ಚಿದ ಮೇಲೆ ಹೆಪ್ಪು ಕೊಡಬಾರದೆಂದು ಹಿರಿಯರು ಹೇಳುತ್ತಿದ್ದರಾದರೂ ಕೇಳಿಕೊಂಡು ಬಂದವರನ್ನು ಬರಿಗೈಯಲ್ಲಿ ಕಳುಹಿಸಿದ ಮನೆಗಳು ವಿರಳ. ಕೊಟ್ಟವರು ಅದನ್ನು ಲೆಕ್ಕದಲ್ಲಿ ಬರೆದಿಡುವುದಿಲ್ಲ. ತಂದವರು ಹಿಂದಿರುಗಿಸುವ ಮಾತೂ ಇಲ್ಲ. ಆದರೆ ಒಂದೊಂದು ಸಲ ಹೀಗಾಗುವುದುಂಟು: ಮರುದಿನ ನೋಡಿದರೆ ಹೆಪ್ಪು ಕೊಂಡುಹೋದವರ ಮನೆಯ ಮೊಸರು ಕಲ್ಲಿನಂತೆ ಗಟ್ಟಿಯಾಗಿರುತ್ತದೆ, ಕೊಟ್ಟವರ ಮನೆಯದು ನೀರೊಡೆದು ಹುಳಿಯಾಗಿರುತ್ತದೆ. ಆಗ ಮನಸ್ಸಿಗೆ ಸ್ವಲ್ಪ ಇರಸುಮುರಸಾಗುವುದೂ ಸಹಜವೇ.

ಭಾರತದ ಮಹಿಳಾ ಕ್ರಿಕೆಟ್ ತಂಡವು ನೆರೆನಾಡುಗಳೊಡನೆ ಆಡಿರುವ ಆಟದ ಕಥೆಯು ನನಗೆ ಸದಾ ಈ ಹೆಪ್ಪಿನ ಬಟ್ಟಲನ್ನೇ ನೆನಪಿಗೆ ತರುತ್ತದೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳ ಮನೆಗಳಲ್ಲಿ ಇಂದು ಗಂಡುಮಕ್ಕಳ ಪಂದ್ಯದಷ್ಟೇ ಆಸಕ್ತಿಯಿಂದ ಹೆಣ್ಣುಮಕ್ಕಳ ಪಂದ್ಯವನ್ನೂ ಟೆಲಿವಿಷನ್ನಿನ ಮುಂದೆ ಕುಳಿತು ನೋಡುವವರಿದ್ದಾರೆ. ಅಡಿಕೆ ಸುಲಿಯುವ ಕೈಗಳು ಒಂದು ಓವರು ಮುಗಿಯುವವರೆಗೆ ನಿಂತುಹೋಗುವುದನ್ನು ನಾನು ಚನ್ನಗಿರಿಯ ಒಂದು ಮನೆಯಲ್ಲಿ ಕಣ್ಣಾರೆ ಕಂಡಿದ್ದೇನೆ. ಆದರೆ ಈ ಆಟವು ನೆರೆಯ ಲಂಕೆಗೂ ಬಾಂಗ್ಲಾದೇಶಕ್ಕೂ ಪಾಕಿಸ್ತಾನಕ್ಕೂ ಹೇಗೆ ಹೋಗಿಬಂದಿತು, ಅದರಲ್ಲಿ ಕನ್ನಡನಾಡಿನ ಹೆಣ್ಣುಮಕ್ಕಳ ಪಾಲೆಷ್ಟು ಎಂಬುದನ್ನು ಬಲ್ಲವರು ಕಡಿಮೆ. ಆ ಕಾರಣದಿಂದಲೇ ಈ ನಾಲ್ಕು ಮಾತು.

ಮೊದಲು ನಮ್ಮ ಮನೆಯ ಹೆಪ್ಪು ಎಲ್ಲಿಂದ ಬಂದಿತೆಂಬುದನ್ನು ಹೇಳಬೇಕಷ್ಟೆ. ಭಾರತದ ಮಹಿಳೆಯರು ಮೊಟ್ಟಮೊದಲ ಟೆಸ್ಟ್ ಪಂದ್ಯವನ್ನು ಆಡಿದ್ದು ಬೆಂಗಳೂರಿನಲ್ಲಿಯೇ. 1976ನೆಯ ಇಸವಿ ಅಕ್ಟೋಬರ್ 31ರಂದು ಆರಂಭವಾದ ಆ ಪಂದ್ಯದಲ್ಲಿ ವೆಸ್ಟ್ ಇಂಡೀಸ್ ತಂಡದ ಎದುರು ನಮ್ಮವರ ನಾಯಕಿಯಾಗಿದ್ದವರು ಬೆಂಗಳೂರಿನ ಶಾಂತಾ ರಂಗಸ್ವಾಮಿ. ಅಂದಿನ ಆಟಗಾರ್ತಿಯರು ಕಾದಿರಿಸದ ರೈಲುಡಬ್ಬಿಗಳಲ್ಲಿ ನಿಂತು ಕುಳಿತು ಪ್ರಯಾಣ ಮಾಡಿ, ಶಾಲೆ ಕಾಲೇಜುಗಳ ಕೋಣೆಗಳಲ್ಲಿ ಹಾಸಿಗೆ ಹಾಸಿಕೊಂಡು ಮಲಗಿ, ಆಟವಾಡಿ ಬರುತ್ತಿದ್ದರು. ಇದನ್ನು ಆ ಪೀಳಿಗೆಯವರೇ ನಗುನಗುತ್ತ ಹೇಳಿಕೊಂಡಿದ್ದಾರೆ. ಗಂಡಸರ ಕ್ರಿಕೆಟ್ ಮಂಡಲಿಯು ಮಹಿಳೆಯರ ಆಟವನ್ನು ತನ್ನ ಆಶ್ರಯಕ್ಕೆ ತೆಗೆದುಕೊಂಡದ್ದು 2006ರಲ್ಲಿ. ಅಲ್ಲಿಯವರೆಗಿನ ಮೂವತ್ತು ವರ್ಷಗಳೂ ಇವರು ಕೈಯಿಂದ ಹಾಕಿಕೊಂಡು ಆಡಿದ ವರ್ಷಗಳೆಂದರೆ ತಪ್ಪಾಗದು.

ಆ ಕಾಲದಲ್ಲಿ ನಮ್ಮವರು ಎದುರಿಸುತ್ತಿದ್ದುದು ಬಹುಮಟ್ಟಿಗೆ ದೂರದವರನ್ನು: ಇಂಗ್ಲೆಂಡು, ಆಸ್ಟ್ರೇಲಿಯಾ, ನ್ಯೂಜಿಲೆಂಡು. ನೆರೆಮನೆಗಳಲ್ಲಿ ಹೆಣ್ಣುಮಕ್ಕಳು ಇನ್ನೂ ದಾಂಡು ಹಿಡಿದಿರಲಿಲ್ಲ. ಹಿಡಿದಲ್ಲಿಯೂ ಹಿಡಿಯಬಾರದೆನ್ನುವವರು ಬಹಳವಿದ್ದರು. ಲಂಕೆಯ ಮಹಿಳೆಯರೂ ಪಾಕಿಸ್ತಾನದ ಮಹಿಳೆಯರೂ ಅಂತರರಾಷ್ಟ್ರೀಯ ಪಂದ್ಯಗಳಿಗೆ ಇಳಿದದ್ದು 1997ರಲ್ಲಿ, ಎಂದರೆ ಬೆಂಗಳೂರಿನ ಆ ಪಂದ್ಯವಾಗಿ ಇಪ್ಪತ್ತೊಂದು ವರ್ಷಗಳಾದ ಮೇಲೆ.

2004ರ ಏಪ್ರಿಲಿನಲ್ಲಿ ನಮ್ಮ ತಂಡವು ಲಂಕೆಗೆ ಹೊರಟಿತು. ಏಷ್ಯಾ ಕಪ್ ಎಂಬ ದೊಡ್ಡ ಹೆಸರನ್ನಿಟ್ಟಿದ್ದರೂ ಅದರಲ್ಲಿ ಆಡಿದವು ಎರಡೇ ದೇಶಗಳು: ಬಂದ ಅತಿಥಿಗಳು ಮತ್ತು ಮನೆಯವರು. ಹಾಗಾಗಿ ಅದನ್ನು ನೆರೆನಾಡಿನ ಪ್ರವಾಸವೆಂದೇ ಕರೆಯುವುದು ನ್ಯಾಯ. ಕೊಲಂಬೋ ಮತ್ತು ಕ್ಯಾಂಡಿ ನಗರಗಳಲ್ಲಿ ಐದು ಪಂದ್ಯಗಳು ನಡೆದವು. ಐದನ್ನೂ ಭಾರತವೇ ಗೆದ್ದಿತು. ನಾಯಕಿಯಾಗಿದ್ದವರು ಕರ್ನಾಟಕದ ಮಮತಾ ಮಾಬೆನ್. ಕ್ಯಾಂಡಿಯ ಪಂದ್ಯವೊಂದರಲ್ಲಿ ಈಕೆಯು ಕೇವಲ 10 ರನ್ನುಗಳನ್ನು ಕೊಟ್ಟು 6 ವಿಕೆಟ್ಟುಗಳನ್ನು ಕಿತ್ತರು. ಕ್ರಿಕೆಟ್ಟಿನ ಗಂಧವಿಲ್ಲದ ನಮ್ಮ ವಾಚಕಿಯರಿಗೆ ಹೇಳುವುದಾದರೆ, ಹನ್ನೊಂದು ಜನರು ಊಟಕ್ಕೆ ಕುಳಿತ ಪಂಕ್ತಿಯಲ್ಲಿ ಅರ್ಧಕ್ಕೂ ಹೆಚ್ಚು ಮಂದಿಯನ್ನು ಉಪ್ಪು ಬಡಿಸುವಷ್ಟರಲ್ಲಿಯೇ ಒಬ್ಬರೇ ಎಬ್ಬಿಸಿ ಕಳುಹಿಸಿದಂತೆ. ಲಂಕೆಯ ಹೆಣ್ಣುಮಕ್ಕಳು ಪಾಪ, ಐದು ಸಲವೂ ಸೋತರು. ಐದು ಸಲವೂ ಮರುದಿನದ ಅಭ್ಯಾಸಕ್ಕೆ ಬಂದರು. ಈ ಮಾತನ್ನು ವಾಚಕರು ಸ್ವಲ್ಪ ನೆನಪಿಟ್ಟುಕೊಳ್ಳಬೇಕು.

ಮರುವರ್ಷದ ಕೊನೆಯಲ್ಲಿ ಇನ್ನೂ ಸೋಜಿಗದ ಯಾತ್ರೆಯೊಂದು ನಡೆಯಿತು. ಮಿಥಾಲಿ ರಾಜ್ ಅವರ ನಾಯಕತ್ವದಲ್ಲಿ ಭಾರತದ ಮಹಿಳೆಯರು ಕರಾಚಿಗೆ ಹೋದರು. 2005ನೆಯ ಡಿಸೆಂಬರ್ 30ರಂದು ಎರಡು ದೇಶಗಳ ಮಹಿಳೆಯರು ಮೊದಲ ಬಾರಿಗೆ ಒಂದೇ ಮೈದಾನದಲ್ಲಿ ಎದುರುಬದುರಾದರು. ಅಂದು ಜಯಾ ಶರ್ಮ ಔಟಾಗದೆ 138 ರನ್ನುಗಳನ್ನು ಹೊಡೆದರು. ಭಾರತವು 193 ರನ್ನುಗಳ ಅಂತರದಲ್ಲಿ ಗೆದ್ದಿತು. ಗೆಲುವಿನ ಪ್ರಮಾಣವು ಹಾಗಿರಲಿ. ಗಡಿಯಾಚೆಯ ಊರಿನಲ್ಲಿ, ಹೆಣ್ಣುಮಕ್ಕಳ ಆಟಕ್ಕೆ ಎಷ್ಟೋ ವಿರೋಧಗಳಿದ್ದ ನಾಡಿನಲ್ಲಿ, ಈ ಕಡೆಯ ಹೆಣ್ಣುಮಕ್ಕಳು ಬಂದು ಆಡಿ ಹೋದದ್ದೇ ಅಲ್ಲಿಯ ಬಾಲೆಯರಿಗೆ ದೊಡ್ಡ ಆಧಾರವಾಗಿರಬೇಕು.

ಇನ್ನು ಹೆಪ್ಪಿನ ಮಾತಿಗೆ ಬರೋಣ. 2004ರಲ್ಲಿ ಲಂಕೆಯನ್ನು ಐದಕ್ಕೆ ಐದು ಸೋಲಿಸಿದ ಮಮತಾ ಮಾಬೆನ್ ಅವರು ಆಟವನ್ನು ಬಿಟ್ಟ ಮೇಲೆ ಮತ್ತೊಂದು ನೆರೆನಾಡಿಗೆ ಗುರುವಾಗಿ ಹೋದರು. 2011ರಲ್ಲಿ ಅವರು ಬಾಂಗ್ಲಾದೇಶದ ಮಹಿಳೆಯರ ತರಬೇತುದಾರರಾಗಿದ್ದರು. ಅದೇ ವರ್ಷ ನವೆಂಬರಿನಲ್ಲಿ ಆ ದೇಶದಲ್ಲಿ ನಡೆದ ವಿಶ್ವಕಪ್ಪಿನ ಅರ್ಹತಾ ಪಂದ್ಯಗಳಲ್ಲಿ ಆ ತಂಡಕ್ಕೆ ಏಕದಿನ ಪಂದ್ಯಗಳನ್ನಾಡುವ ಅಧಿಕೃತ ಮಾನ್ಯತೆ ದೊರೆಯಿತು. ಕನ್ನಡನಾಡಿನ ಮನೆಯ ಹೆಪ್ಪು ಪದ್ಮಾನದಿಯ ದಡದ ಹಾಲಿಗೆ ಬಿದ್ದದ್ದು ಹೀಗೆ. ಮುಂದೆ ಅಂಜು ಜೈನ್ ಎಂಬ ಮತ್ತೊಬ್ಬ ಭಾರತೀಯ ಮಾಜಿ ನಾಯಕಿಯೂ ಅಲ್ಲಿಗೆ ಗುರುವಾಗಿ ಹೋದರು.

ಮೊಸರು ಗಟ್ಟಿಯಾದ ಸುದ್ದಿಯು ನಮಗೆ ತಿಳಿದದ್ದು 2018ನೆಯ ಜೂನ್ 10ರಂದು, ಕ್ವಾಲಾಲಂಪುರದಲ್ಲಿ. ಅಲ್ಲಿಯವರೆಗೆ ನಡೆದ ಆರು ಏಷ್ಯಾ ಕಪ್ಪುಗಳನ್ನೂ ಭಾರತವೇ ಗೆದ್ದಿತ್ತು. ಏಳನೆಯದರ ಅಂತಿಮ ಪಂದ್ಯದಲ್ಲಿ ಬಾಂಗ್ಲಾದೇಶಕ್ಕೆ ಕೊನೆಯ ಒಂದು ಎಸೆತದಲ್ಲಿ ಎರಡು ರನ್ನುಗಳು ಬೇಕಾಗಿದ್ದವು. ಜಹನಾರಾ ಆಲಮ್ ಎಂಬ ಆಟಗಾರ್ತಿಯು ಚೆಂಡನ್ನು ತಳ್ಳಿ ಎರಡು ಸಲ ಓಡಿಬಿಟ್ಟಳು. ಆ ತಂಡದ ಗುರುಸ್ಥಾನದಲ್ಲಿ ಕುಳಿತಿದ್ದವರು ನಮ್ಮ ಅಂಜು ಜೈನ್ ಅವರೇ! ಸೋತದ್ದು ನಮ್ಮವರು, ಗೆಲ್ಲಿಸಿದ್ದೂ ನಮ್ಮವರೇ ಎಂದು ಅಂದು ನಮ್ಮ ಮನೆಯಲ್ಲಿ ಅಳುವುದೋ ನಗುವುದೋ ತಿಳಿಯಲಿಲ್ಲ.

ಆಮೇಲಿನ ಪ್ರವಾಸಗಳಲ್ಲಿ ನನ್ನ ಮನಸ್ಸನ್ನು ಬಹುವಾಗಿ ಕಲಕಿದ್ದು 2023ನೆಯ ಜುಲೈ ತಿಂಗಳಿನದು. ಢಾಕಾದ ಮೀರ್‌ಪುರದ ಮೈದಾನದಲ್ಲಿ ಆರು ಪಂದ್ಯಗಳು. ಇಪ್ಪತ್ತು ಓವರುಗಳವು ಮೂರು, ಐವತ್ತರವು ಮೂರು. ಜುಲೈ 16ರ ಮೊದಲ ಏಕದಿನ ಪಂದ್ಯದಲ್ಲಿ ಬಾಂಗ್ಲಾದೇಶವು ನಮ್ಮವರನ್ನು 113 ರನ್ನುಗಳಿಗೆ ಮುಗಿಸಿ 40 ರನ್ನುಗಳಿಂದ ಗೆದ್ದಿತು. ಈ ಬಗೆಯ ಪಂದ್ಯದಲ್ಲಿ ಅವರು ಭಾರತವನ್ನು ಸೋಲಿಸಿದ್ದು ಅದೇ ಮೊದಲು. ಅಂದು ನಾಲ್ಕು ವಿಕೆಟ್ಟುಗಳನ್ನು ತೆಗೆದವಳು ಮಾರುಫಾ ಅಖ್ತರ್ ಎಂಬ ಹದಿಹರೆಯದ ಹುಡುಗಿ. ಈಕೆ ಆ ದೇಶದ ಉತ್ತರ ಭಾಗದ ನೀಲ್ಫಮಾರಿ ಜಿಲ್ಲೆಯವಳು, ಬಡ ರೈತನ ಮಗಳು. ಕೊರೋನಾ ಜಾಡ್ಯದ ಕಾಲದಲ್ಲಿ ಆಟವೆಲ್ಲವೂ ನಿಂತುಹೋದಾಗ ತಂದೆಯೊಡನೆ ಗದ್ದೆಗಿಳಿದು ಕೆಸರಿನಲ್ಲಿ ದುಡಿದವಳು. ಆ ಭಾವಚಿತ್ರವನ್ನು ನೋಡಿದಾಗ ನನಗೆ ಢಾಕಾ ನೆನಪಾಗಲಿಲ್ಲ. ತುಂಗಭದ್ರೆಯ ನೀರು ಹರಿಯುವ ಹೊನ್ನಾಳಿಯ ಗದ್ದೆಗಳೇ ನೆನಪಾದವು. ನಾಟಿಯ ದಿನಗಳಲ್ಲಿ ಸೀರೆಯ ನೆರಿಗೆ ಎತ್ತಿ ಕಟ್ಟಿಕೊಂಡು ತಾಯಿಯ ಪಕ್ಕದಲ್ಲಿ ಬಗ್ಗಿ ನಿಲ್ಲುವ ಹುಡುಗಿಯರನ್ನು ಅಲ್ಲಿ ಯಾರು ಬೇಕಾದರೂ ಕಾಣಬಹುದು. ಅವರ ತೋಳಿನ ಬಲ ಮಾರುಫಾಳದಕ್ಕಿಂತ ಕಡಿಮೆಯದೇನಲ್ಲ. ಅವಳಿಗೆ ದೊರೆತದ್ದು ಸರ್ಕಾರವೇ ನಡೆಯಿಸುವ ಕ್ರೀಡಾಶಾಲೆ. ಗದ್ದೆಯಿಂದ ಮೈದಾನಕ್ಕೆ ಹೋಗುವ ದಾರಿಯಲ್ಲಿ ಅಂತಹದೊಂದು ಮೆಟ್ಟಿಲು ಇದ್ದುದರಿಂದಲೇ ಆಕೆ ಮೀರ್‌ಪುರವನ್ನು ಮುಟ್ಟಿದಳು.

ಎರಡನೆಯ ಪಂದ್ಯವನ್ನು ಭಾರತವು 108 ರನ್ನುಗಳಿಂದ ಗೆದ್ದು ಲೆಕ್ಕವನ್ನು ಸರಿದೂಗಿಸಿತು. ಜುಲೈ 22ರ ಮೂರನೆಯದಂತೂ ತಕ್ಕಡಿಯ ಮುಳ್ಳು ನೆಟ್ಟಗೆ ನಿಂತ ಪಂದ್ಯ. ಮೊದಲು ಆಡಿದ ಬಾಂಗ್ಲಾದೇಶಕ್ಕೆ ಫರ್ಜಾನಾ ಹಕ್ 107 ರನ್ನು ಗಳಿಸಿಕೊಟ್ಟರು. ಆ ದೇಶದ ಮಹಿಳೆಯೊಬ್ಬರು ಏಕದಿನ ಪಂದ್ಯದಲ್ಲಿ ನೂರನ್ನು ದಾಟಿದ್ದು ಅದೇ ಪ್ರಥಮ. ಒಟ್ಟು 225. ನಮ್ಮವರೂ ಮೂರು ಎಸೆತಗಳು ಉಳಿದಿರುವಾಗಲೇ 225ಕ್ಕೆ ಸರಿಯಾಗಿ ಮುಗಿದರು. ಟ್ರೋಫಿಯನ್ನು ಇಬ್ಬರೂ ಹಂಚಿಕೊಳ್ಳಬೇಕಾಯಿತು.

ಇಲ್ಲಿ ಒಂದು ಅಹಿತವಾದ ಸಂಗತಿಯನ್ನು ಮುಚ್ಚಿಡುವುದು ನ್ಯಾಯವಲ್ಲ. ತಾನು ಔಟಾದುದು ಅಂಪೈರಿನ ತಪ್ಪೆಂದು ಸಿಟ್ಟಾದ ನಮ್ಮ ನಾಯಕಿ ಹರ್ಮನ್‌ಪ್ರೀತ್ ಕೌರ್ ದಾಂಡಿನಿಂದ ವಿಕೆಟ್ಟಿನ ಗೂಟಗಳನ್ನು ಹೊಡೆದುರುಳಿಸಿದರು. ಪಂದ್ಯದ ಬಳಿಕ ನಾಲ್ಕು ಜನರ ಮುಂದೆ ಅಂಪೈರುಗಳನ್ನು ಹಳಿದರು. ಭಾವಚಿತ್ರಕ್ಕೆ ಒಟ್ಟಿಗೆ ನಿಂತಾಗ ಆಡಿದ ಕುಹಕದ ಮಾತಿಗೆ ನೊಂದು ಬಾಂಗ್ಲಾದೇಶದ ನಾಯಕಿ ನಿಗಾರ್ ಸುಲ್ತಾನಾ ತಮ್ಮವರನ್ನು ಕರೆದುಕೊಂಡು ಹೊರಟುಹೋದರು. ಅಂತರರಾಷ್ಟ್ರೀಯ ಸಂಸ್ಥೆಯು ಹರ್ಮನ್‌ಪ್ರೀತರನ್ನು ಎರಡು ಪಂದ್ಯಗಳಿಂದ ಹೊರಗಿಟ್ಟಿತು. ಈಕೆಯ ಆಟಕ್ಕೆ ಮಾರುಹೋದವರಲ್ಲಿ ನಾನೂ ಒಬ್ಬಳು. ಆದರೂ ನೆರೆಮನೆಗೆ ಊಟಕ್ಕೆ ಹೋಗಿ, ಸಾರಿಗೆ ಉಪ್ಪು ಹೆಚ್ಚಾಯಿತೆಂದು ಎಲೆಯನ್ನು ಮಡಿಸಿ ಎಸೆದು ಬರುವುದು ನಮ್ಮ ಮನೆಗಳ ನಡವಳಿಕೆಯಲ್ಲ. ಸೋಲನ್ನು ಅರಿಯದಿದ್ದ ದೊಡ್ಡ ಮನೆಯವರಿಗೆ ಸರಿಸಮನಾದ ನೆರೆಯವರನ್ನು ಕಂಡಾಗ ಬರುವ ಸಿಟ್ಟು ಅದು ಎಂದು ನನ್ನ ಊಹೆ.

ಇದಕ್ಕೆ ವಿರುದ್ಧವಾದ ಚಿತ್ರವೂ ಒಂದಿದೆ. 2022ನೆಯ ಮಾರ್ಚ್ 6ರಂದು ನ್ಯೂಜಿಲೆಂಡಿನ ಮೌಂಟ್ ಮೌಂಗನುಯಿ ಎಂಬ ಊರಿನಲ್ಲಿ ವಿಶ್ವಕಪ್ಪಿನ ಭಾರತ–ಪಾಕಿಸ್ತಾನ ಪಂದ್ಯ ನಡೆಯಿತು. ಪಾಕಿಸ್ತಾನದ ನಾಯಕಿ ಬಿಸ್ಮಾ ಮಾರೂಫ್ ಆರು ತಿಂಗಳ ಹಸುಗೂಸು ಫಾತಿಮಾಳನ್ನು ಎತ್ತಿಕೊಂಡು ಪಂದ್ಯಾವಳಿಗೆ ಬಂದಿದ್ದರು. ಭಾರತವು 107 ರನ್ನುಗಳಿಂದ ಗೆದ್ದ ಮೇಲೆ ನಮ್ಮ ಹುಡುಗಿಯರೆಲ್ಲ ಆ ಮಗುವನ್ನು ಸುತ್ತುವರಿದು, ಮುದ್ದಿಸಿ, ನಗಿಸಿ, ತಾಯಿಯೊಡನೆ ಭಾವಚಿತ್ರ ತೆಗೆಸಿಕೊಂಡರು. ಆ ದಿನ ಪಾಕಿಸ್ತಾನದ 4 ವಿಕೆಟ್ಟುಗಳನ್ನು 31 ರನ್ನುಗಳಿಗೆ ತೆಗೆದವರು ವಿಜಯಪುರದ ರಾಜೇಶ್ವರಿ ಗಾಯಕವಾಡ್. ಹೆತ್ತ ಮೇಲೆ ಹೆಣ್ಣಿನ ಆಟ ಮುಗಿಯಿತೆನ್ನುವವರಿಗೆ ಆ ತಾಯಿಯೊಬ್ಬಳೇ ಉತ್ತರವಾಗಿದ್ದಳು.

ರಾಜೇಶ್ವರಿಯ ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಈಕೆಯ ತಂದೆ ಶಾಲೆಯ ಉಪಾಧ್ಯಾಯರಾಗಿದ್ದರು. ಮಗಳು ಮೊದಲು ಹಿಡಿದದ್ದು ಚೆಂಡನ್ನಲ್ಲ, ಭರ್ಜಿಯನ್ನು. ಕ್ರಿಕೆಟ್ಟಿಗೆ ಬಂದದ್ದು ತಡವಾಗಿ. ಎಡಗೈಯಿಂದ ಚೆಂಡನ್ನು ತಿರುಗಿಸುವ ವಿದ್ಯೆ ಕೈಹತ್ತಿತು. 2014ರ ಜನವರಿಯಲ್ಲಿ ಲಂಕೆಯ ಮಹಿಳೆಯರು ನಮ್ಮ ದೇಶಕ್ಕೆ ಪ್ರವಾಸ ಬಂದಾಗಲೇ ಈಕೆ ಭಾರತದ ಪರವಾಗಿ ಮೊದಲು ಕಣಕ್ಕಿಳಿದದ್ದು. ನೆರೆಯವರು ಬಂದುದರಿಂದ ಬಿಸಿಲುನಾಡಿನ ಉಪಾಧ್ಯಾಯರ ಮಗಳಿಗೆ ಬಾಗಿಲು ತೆರೆಯಿತು. 2017ರ ವಿಶ್ವಕಪ್ಪಿನಲ್ಲಿ ನ್ಯೂಜಿಲೆಂಡಿನ ಎದುರು 15 ರನ್ನಿಗೆ 5 ವಿಕೆಟ್ಟು ತೆಗೆದು ಊರಿಗೆ ಬಂದಾಗ ಕಾರಿನ ಕಾಣಿಕೆ ಬಂದಿತು. ಕಾರು ಬೇಡ, ಮನೆಯವರಿಗೆ ಒಂದು ಸ್ವಂತ ಮನೆಯಾದರೆ ಸಾಕೆಂದು ಈಕೆ ಹೇಳಿದರೆಂದು ಪತ್ರಿಕೆಗಳಲ್ಲಿ ಬಂದುದನ್ನು ವಾಚಕರಲ್ಲಿ ಹಲವರು ಓದಿರಬಹುದು. ಸಂಸಾರದ ಭಾರವನ್ನು ಬಲ್ಲ ಹೆಣ್ಣುಮಗಳ ಮಾತಲ್ಲವೆ!

2022ರ ಜೂನ್–ಜುಲೈ ತಿಂಗಳುಗಳಲ್ಲಿ ಈ ರಾಜೇಶ್ವರಿಯೂ ಇದ್ದ ತಂಡವು ಲಂಕೆಗೆ ಹೋಯಿತು. ಅದೆಂತಹ ಕಾಲ! ಲಂಕೆಯ ಬೊಕ್ಕಸ ಬರಿದಾಗಿತ್ತು. ಪೆಟ್ರೋಲಿಗಾಗಿ ಜನರು ದಿನಗಟ್ಟಲೆ ಸಾಲಿನಲ್ಲಿ ನಿಲ್ಲುತ್ತಿದ್ದರು, ಅಡಿಗೆಯ ಅನಿಲವಿಲ್ಲದೆ ಪೇಟೆಯ ಮನೆಗಳಲ್ಲಿಯೂ ಸೌದೆಯ ಒಲೆ ಹೊತ್ತಿಕೊಂಡಿತ್ತು, ಶಾಲೆಗಳು ಮುಚ್ಚಿದ್ದವು. ಅಂತಹ ಮನೆಗೆ ಅತಿಥಿಗಳು ಹೋಗುವುದು ಸರಿಯೇ ಎಂದು ನನಗೆ ಅನ್ನಿಸಿದ್ದುಂಟು. ಆದರೂ ದಂಬುಳ್ಳದಲ್ಲಿಯೂ ಪಲ್ಲೆಕೆಲೆಯಲ್ಲಿಯೂ ಆಟ ನಿಲ್ಲಲಿಲ್ಲ. ಜೂನ್ 27ರಂದು ಲಂಕೆಯ ನಾಯಕಿ ಚಾಮರಿ ಅಟಪಟ್ಟು ಔಟಾಗದೆ 80 ರನ್ನು ಹೊಡೆದು ತನ್ನವರನ್ನು ಗೆಲ್ಲಿಸಿದರು. ಏಕದಿನದ ಮೂರು ಪಂದ್ಯಗಳನ್ನು ನಮ್ಮವರು ಗೆದ್ದರು. ಜುಲೈ 7ರ ಕೊನೆಯದರಲ್ಲಿ ರಾಜೇಶ್ವರಿಗೆ 3 ವಿಕೆಟ್ಟುಗಳು. ಅದಾಗಿ ಎರಡೇ ದಿನಗಳಲ್ಲಿ ಕೊಲಂಬೋದಲ್ಲಿ ಜನಸಾಗರವು ರಾಷ್ಟ್ರಾಧ್ಯಕ್ಷರ ಅರಮನೆಗೆ ನುಗ್ಗಿತು.

ಆ ಚಾಮರಿಯೇ ಎರಡು ವರ್ಷಗಳ ಬಳಿಕ, 2024ನೆಯ ಜುಲೈ 28ರಂದು, ಅದೇ ದಂಬುಳ್ಳದಲ್ಲಿ ಭಾರತವನ್ನು 8 ವಿಕೆಟ್ಟುಗಳಿಂದ ಸೋಲಿಸಿ ಏಷ್ಯಾ ಕಪ್ಪನ್ನು ಎತ್ತಿ ಹಿಡಿದರು. 2004ರಲ್ಲಿ ಐದು ಸಲ ಸೋತರೂ ಅಭ್ಯಾಸಕ್ಕೆ ಬಂದವರ ತಂಗಿಯರು ಇವರು. ಆ ಪಂದ್ಯಾವಳಿಯಲ್ಲಿ ಕರ್ನಾಟಕದ ಶ್ರೇಯಾಂಕಾ ಪಾಟೀಲ್ ಮೊದಲ ಪಂದ್ಯದಲ್ಲಿಯೇ ಬೆರಳು ಮುರಿದುಕೊಂಡು ಹಿಂದಿರುಗಬೇಕಾಯಿತು.

ಪಾಕಿಸ್ತಾನದೊಡನೆ ಮಾತ್ರ ಬಟ್ಟಲು ಇತ್ತ ಹೋಗಿಲ್ಲ, ಅತ್ತಣಿಂದ ಬಂದೂ ಇಲ್ಲ. ಮಹಿಳೆಯರ ತಂಡಗಳು ದೊಡ್ಡ ಪಂದ್ಯಾವಳಿಗಳಲ್ಲಿ ಸಂಧಿಸಿರುವುದಲ್ಲದೆ, ಇಬ್ಬರೇ ಕೂಡಿ ಸರಣಿಯಾಡಿದ್ದಿಲ್ಲ. 2025ರ ವಿಶ್ವಕಪ್ಪು ನಮ್ಮ ನಾಡಿನಲ್ಲಿ ನಡೆದರೂ ಪಾಕಿಸ್ತಾನದ ಪಂದ್ಯಗಳನ್ನು ಕೊಲಂಬೋದಲ್ಲಿ ಇರಿಸಲಾಯಿತು. ಅಕ್ಟೋಬರ್ 5ರಂದು ಭಾರತವು 88 ರನ್ನುಗಳಿಂದ ಗೆದ್ದಿತು. ಟಾಸಿನ ವೇಳೆಯಲ್ಲಾಗಲಿ ಪಂದ್ಯದ ಬಳಿಕವಾಗಲಿ ಎರಡು ತಂಡದವರೂ ಕೈಕುಲುಕಲಿಲ್ಲ. ಆ ವರ್ಷ ಗಡಿಯಲ್ಲಿ ಹರಿದ ರಕ್ತವನ್ನು ನೆನೆದವರಿಗೆ ಅದು ಅರ್ಥವಾಗದ ಸಂಗತಿಯೇನಲ್ಲ. ಆದರೆ ಮೂರು ವರ್ಷಗಳ ಹಿಂದೆ ಮುದ್ದಿಸಿದ ಆ ಮಗು ಈಗ ಓಡಾಡುವಷ್ಟು ದೊಡ್ಡದಾಗಿರಬೇಕೆಂದು ನನಗೆ ಅಂದು ನೆನಪಾಯಿತು. ನವೆಂಬರ್ 2ರಂದು ನಮ್ಮ ಹೆಣ್ಣುಮಕ್ಕಳು ದಕ್ಷಿಣ ಆಫ್ರಿಕವನ್ನು ಸೋಲಿಸಿ ಪ್ರಥಮ ಬಾರಿಗೆ ವಿಶ್ವಕಪ್ಪನ್ನು ಗೆದ್ದರು. ಆ ತಂಡದಲ್ಲಿ ಕನ್ನಡನಾಡಿನವರೊಬ್ಬರೂ ಇರಲಿಲ್ಲ. ಮೊದಲ ಟೆಸ್ಟಿಗೆ ನಾಯಕಿಯನ್ನು ಕೊಟ್ಟ ನಾಡು ಇದು!

ಈ ಕೊರತೆಯು ನನ್ನನ್ನು ಮತ್ತೆ ನಮ್ಮ ನಾಲ್ಕು ತಾಲ್ಲೂಕುಗಳ ಅಂಗಳಕ್ಕೆ ಕರೆತರುತ್ತದೆ. ಚನ್ನಗಿರಿಯಿಂದ ಅಜ್ಜಂಪುರದ ಮೇಲೆ ಹೋದರೆ ಕಡೂರು ದೂರವೇನಲ್ಲ. ಆ ಕಡೂರಿನಲ್ಲಿ ಹುಟ್ಟಿದವರೇ ವೇದಾ ಕೃಷ್ಣಮೂರ್ತಿ. ಬೀದಿಯಲ್ಲಿ ಗಂಡುಹುಡುಗರೊಡನೆ ಆಡುತ್ತಿದ್ದ ಈ ಹುಡುಗಿಯನ್ನು ಮನೆಯವರು ಹದಿಮೂರರ ಎಳೆವಯಸ್ಸಿನಲ್ಲಿಯೇ ಬೆಂಗಳೂರಿನ ತರಬೇತಿಶಾಲೆಗೆ ಕಳುಹಿಸಿದರು. ಅದರ ಫಲವಾಗಿ 2011ರಲ್ಲಿ ಇಂಗ್ಲೆಂಡಿನ ಎದುರು ಮೊದಲ ಪಂದ್ಯದಲ್ಲಿಯೇ 51 ರನ್ನು; 2017ರಲ್ಲಿ ನ್ಯೂಜಿಲೆಂಡಿನ ಎದುರು 45 ಎಸೆತಗಳಲ್ಲಿ 70. ಕಡೂರಿನಿಂದ ಬೆಂಗಳೂರಿಗೆ ರೈಲು ಉಂಟು; ಆದರೆ ಆ ರೈಲಿಗೆ ಮಗಳನ್ನು ಹತ್ತಿಸುವ ಧೈರ್ಯ ಎಲ್ಲ ಮನೆಗಳಲ್ಲಿಯೂ ಇರುವುದಿಲ್ಲ. ಇಲ್ಲದವರನ್ನು ನಾನು ಹಳಿಯಲಾರೆ. ಜಗಳೂರಿನ ಕಡೆ ಮಳೆ ಕೈಕೊಟ್ಟ ವರ್ಷದಲ್ಲಿ ಮೆಕ್ಕೆಜೋಳದ ತೆನೆ ಕಾಳು ಕಟ್ಟದೆ ಹೋದಾಗ, ಮಗಳ ದಾಂಡಿಗೆ ಕೊಡುವ ಹಣವೆಂದರೆ ಬಿತ್ತನೆಯ ಬೀಜದ ಹಣವೇ. ಅಲ್ಲಿಯ ಕೊಯ್ದ ಹೊಲಗಳಲ್ಲಿ ಹುಡುಗಿಯರು ಹುಡುಗರೊಡನೆ ಆಡುವುದನ್ನು ನೋಡಿದ್ದೇನೆ. ಹನ್ನೆರಡು ಹದಿಮೂರು ತುಂಬಿದೊಡನೆ ಅವರು ಹೊಲದಿಂದ ಮರೆಯಾಗುತ್ತಾರೆ.

ಕಳೆದ ಬೇಸಗೆಯಲ್ಲಿ ನ್ಯಾಮತಿಯಲ್ಲಿರುವ ನನ್ನ ನಾದಿನಿಯ ಮನೆಗೆ ಹೋಗಿದ್ದೆ. ಆಕೆಯ ಮಗಳಿಗೆ ಈಗ ಹನ್ನೆರಡು. ಹಿತ್ತಿಲಿನಲ್ಲಿ ತೆಂಗಿನ ಮಟ್ಟೆಯನ್ನು ಕೆತ್ತಿ ಮಾಡಿದ ದಾಂಡು, ಗೋಡೆಯ ಮೇಲೆ ಇದ್ದಿಲಿನಲ್ಲಿ ಗೀಚಿದ ಮೂರು ಗೂಟ. “ಅತ್ತೆ, ಆ ಬಾಂಗ್ಲಾದ ಮಾರುಫಾ ಹಾಕಿದ ಚೆಂಡು ಗಾಳಿಯಲ್ಲೇ ತಿರುಗುತ್ತಲ್ಲ, ಅದಕ್ಕೆ ಬೆರಳು ಹೇಗೆ ಹಿಡಿಯಬೇಕು?” ಎಂದು ಕೇಳಿದಳು. ನನಗೇನು ತಿಳಿಯುತ್ತದೆ? ಶಿವಮೊಗ್ಗದ ನವುಲೆಯಲ್ಲಿ ರಾಜ್ಯ ಕ್ರಿಕೆಟ್ ಸಂಸ್ಥೆಯ ಮೈದಾನವಿದೆ, ಅಲ್ಲಿ ಕೇಳಬೇಕು ಎಂದೆ. ನಾದಿನಿ ಒಳಗಿನಿಂದ ಕೇಳಿಸಿಕೊಂಡು ಸುಮ್ಮನಿದ್ದಳು. ರಾತ್ರಿ ಊಟವೆಲ್ಲ ಮುಗಿದು ಹಾಲಿಗೆ ಹೆಪ್ಪು ಹಾಕುತ್ತಿರುವಾಗ, ತಲೆಯೆತ್ತದೆಯೇ ಮೆಲ್ಲನೆ ಕೇಳಿದಳು:

“ಅತ್ತಿಗೆ, ಶಿವಮೊಗ್ಗದಿಂದ ಸಂಜೆ ಈ ಕಡೆಗೆ ಕೊನೆಯ ಬಸ್ಸು ಎಷ್ಟು ಹೊತ್ತಿಗೆ?”